ಕುಮಾರಧಾರೆಯ ಜಮಾಖರ್ಚು

ಜಮಾಖರ್ಚಿನ ಪುಸ್ತಕವಿಲ್ಲದೆ ವ್ಯಾಪಾರಕ್ಕಿಳಿಯುವವನು ಎಷ್ಟು ದೊಡ್ಡ ಮನೆತನದವನಾದರೂ ಬಹುಕಾಲ ಬಾಳಲಾರನೆಂಬುದನ್ನು ಪುತ್ತೂರು ಪೇಟೆಯ ಅಡಕೆ ವರ್ತಕರಿಗೆ ಯಾರೂ ಕಲಿಸಬೇಕಾಗಿಲ್ಲ. ಚೀಲವೊಂದರಲ್ಲಿ ಕಾಲು ಕಿಲೋ ಕಡಮೆಯಾದರೆ ತಕ್ಕಡಿಯ ಮುಂದೆ ಅರ್ಧ ಗಳಿಗೆ ವಾದಿಸುವ ನಾವು, ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಮೇಲೆ ವರ್ಷಂಪ್ರತಿ ಸುರಿಯುವ ಮಳೆಯಲ್ಲಿ ಎಷ್ಟಂಶವು ನೆಲಕ್ಕಿಳಿಯಿತು, ಎಷ್ಟಂಶವು ತೋಡು ಹಿಡಿದು ಕಡಲ ಪಾಲಾಯಿತು ಎಂದು ಒಮ್ಮೆಯಾದರೂ ಕೇಳಿದ್ದುಂಟೆ? ಆಷಾಢದಲ್ಲಿ ಅಂಗಳಕ್ಕೇರಿದ ನೀರು ಫಾಲ್ಗುಣದಲ್ಲಿ ಬಾವಿಯ ತಳದಲ್ಲಿಯೂ ಸಿಗದಾಗ ದೈವವನ್ನು ದೂರಿ ಸುಮ್ಮನಾಗುತ್ತೇವೆ. ಈ ಲೆಕ್ಕವನ್ನು ನಮಗಾಗಿ ಬೇರೆಯವರು ಮಾಡುತ್ತಿದ್ದಾರೆ, ಅದನ್ನಾಧರಿಸಿ ನಮ್ಮ ನೀರಿನ ವಿಲೇವಾರಿಯೂ ಆಗುತ್ತಿದೆ. ಆದುದರಿಂದ ವಾಚಕರು ಈ ವಿಷಯವನ್ನು ಇಂಜಿನಿಯರರದೆಂದು ಬದಿಗಿಡಬಾರದೆಂದು ಬಿನ್ನವಿಸುತ್ತೇವೆ.

೧೭೧೨ ಮೀಟರು ಎತ್ತರದ ಪುಷ್ಪಗಿರಿಯ ಸೀಮೆಯಲ್ಲಿ ಹುಟ್ಟಿ, ಸುಬ್ರಹ್ಮಣ್ಯ ಕ್ಷೇತ್ರವನ್ನು ಹಾದು, ಗುಂಡ್ಯ ಹೊಳೆ, ಗೌರಿಹೊಳೆಗಳನ್ನು ಕೂಡಿಕೊಂಡು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುವ ಕುಮಾರಧಾರೆಯೇ ಈ ಸೀಮೆಯ ಜೀವನಾಡಿ. ಸುಳ್ಯ ಪೇಟೆಯ ಬದಿಯ ಪಯಸ್ವಿನಿಯಾದರೋ ಬೇರೆ ದಾರಿ ಹಿಡಿದು, ಕಾಸರಗೋಡಿನ ನಮ್ಮ ಬಾಂಧವರಲ್ಲಿ ಚಂದ್ರಗಿರಿಯೆನಿಸಿ ಕಡಲಿಗಿಳಿಯುವುದು. ತಾಲೂಕಿನ ಗಡಿಯೇ ಬೇರೆ, ನೀರಿನ ಗಡಿಯೇ ಬೇರೆ. ಈ ನೀರಿನ ಗಡಿಯನ್ನು ಗುರುತಿಸುವುದು ಲೆಕ್ಕದ ಮೊದಲ ಕೆಲಸ. ಹಿಂದೆ ಸರ್ವೆ ಇಲಾಖೆಯ ನಕಾಶೆಯಲ್ಲಿನ ಎತ್ತರದ ಗೆರೆಗಳನ್ನು ಅನುಸರಿಸಿ ಅದನ್ನು ಕೈಯಿಂದ ಬರೆಯುತ್ತಿದ್ದರು. ೨೦೦೦ದ ಫೆಬ್ರವರಿಯಲ್ಲಿ ಅಮೆರಿಕದ ಗಗನನೌಕೆಯು ಭೂಮಿಯ ಎತ್ತರಗಳನ್ನು ರಾಡಾರಿನಿಂದ ಅಳೆಯಿತು. ೨೦೦೫ರಲ್ಲಿ ನಮ್ಮದೇ ಕಾರ್ಟೋಸಾಟ್-೧ ಮೇಲೇರಿತು. ಈಗ ಗಣಕಯಂತ್ರವೇ ಆ ಗೆರೆಯನ್ನು ಎಳೆದುಕೊಡುತ್ತದೆ. ೧೯೮೮ರಲ್ಲಿ ಐ.ಆರ್.ಎಸ್.-೧ಎ ಉಪಗ್ರಹವು ಕಕ್ಷೆಯನ್ನು ಸೇರಿದಂದಿನಿಂದ ನಮ್ಮ ನೆಲದ ಚಿತ್ರವನ್ನು ನಾವೇ ತೆಗೆದುಕೊಳ್ಳುತ್ತಿರುವೆವೆಂಬುದು ಅಭಿಮಾನದ ಸಂಗತಿಯೇ ಸರಿ.

ಗಡಿ ಗೊತ್ತಾದ ಮೇಲೆ ಅದರೊಳಗಿನ ನೆಲವನ್ನು ಕಾಡು, ತೋಟ, ಗದ್ದೆ, ಬೋಳುಗುಡ್ಡೆ, ಮನೆ, ರಸ್ತೆಯೆಂದು ವಿಂಗಡಿಸುತ್ತಾರೆ. ಮಣ್ಣನ್ನು ನೀರು ಕುಡಿಯುವ ಶಕ್ತಿಗನುಸಾರವಾಗಿ ನಾಲ್ಕು ವರ್ಗ ಮಾಡುತ್ತಾರೆ. ಎರಡು ನಕಾಶೆಗಳನ್ನೂ ಒಂದರ ಮೇಲೊಂದು ಹಾಸಿ, ಪ್ರತಿ ತುಂಡು ನೆಲಕ್ಕೂ ನೂರರೊಳಗಿನ ಒಂದು ಅಂಕೆಯನ್ನು ಕೊಡುತ್ತಾರೆ. ಅಂಕೆ ಹೆಚ್ಚಿದಷ್ಟೂ ನೀರು ನಿಲ್ಲದೆ ಹರಿಯುವುದೆಂದು ಅರ್ಥ. ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆಯವರು ೧೯೫೦ರ ದಶಕದಲ್ಲಿ ಬಳಕೆಗೆ ತಂದ ಈ ಕ್ರಮವು ನಮ್ಮ ದೇಶದಲ್ಲಿಯೂ ರೂಢಿಯಾಗಿದೆ. ನಮ್ಮ ವಿದ್ಯೆ ಪಾಠಶಾಲೆಯಿಂದ ಮೆಟ್ರಿಕ್ಕಿನವರೆಗಿನದು; ಸೂತ್ರವನ್ನು ಸ್ಲೇಟಿನ ಮೇಲೆ ಹಾಕಿ ನೋಡಲು ಅಷ್ಟೇ ಸಾಕಾಯಿತು. ೨೫,೪೦೦ನ್ನು ಆ ಅಂಕೆಯಿಂದ ಭಾಗಿಸಿ ೨೫೪ನ್ನು ಕಳೆದರೆ ನೆಲದ ಹಿಡಿತವು ಮಿಲಿಮೀಟರಿನಲ್ಲಿ ದೊರೆಯುತ್ತದೆ. ಹಿಡಿತದ ಐದರಲ್ಲೊಂದು ಪಾಲನ್ನು ಮಳೆಯಿಂದ ಕಳೆಯಬೇಕು. ಉಳಿದ ಮಳೆಯನ್ನು ಅದರಿಂದಲೇ ಗುಣಿಸಿ, ಅದೇ ಉಳಿದ ಮಳೆ ಮತ್ತು ಹಿಡಿತಗಳ ಮೊತ್ತದಿಂದ ಭಾಗಿಸಿದರೆ ಬಂದುದೇ ಹರಿನೀರು. ದಿನಕ್ಕೆ ನೂರು ಮಿಲಿಮೀಟರು ಮಳೆಯಾಯಿತೆನ್ನೋಣ. ಅಂಕೆ ೫೫ ಇರುವ ನೆಲದಿಂದ ೧೩ ಮಿಲಿಮೀಟರು ಹರಿಯುತ್ತದೆ. ೭೦ ಇದ್ದರೆ ೩೩. ೮೫ ಇದ್ದರೆ ೬೧. ಹತ್ತು ಚದರ ಕಿಲೋಮೀಟರಿನ ಸಣ್ಣ ಜಲಾನಯನವೊಂದರಲ್ಲಿ ಕೊನೆಯ ಎರಡು ಅಂಕೆಗಳ ನಡುವಣ ಅಂತರವೇ ಇಪ್ಪತ್ತೆಂಟು ಕೋಟಿ ಲೀಟರು! ಅಂಕೆ ತುಂಬುವ ಗುಮಾಸ್ತನ ಬೆರಳ ತುದಿಯಲ್ಲಿ ಇಷ್ಟು ನೀರಿದೆ. ಐದು ದಿನ ಬಿಡದೆ ಮಳೆ ಹೊಯ್ದರೆ ೭೦ರ ನೆಲವೇ ೮೫ರ ನೆಲದಂತೆ ವರ್ತಿಸುವುದೆಂದು ಕ್ರಮವೇ ಒಪ್ಪಿಕೊಳ್ಳುತ್ತದೆ. ಸುಳ್ಯದಲ್ಲಿ ಜುಲೈ ತಿಂಗಳ ಯಾವ ವಾರ ಹಾಗಿರುವುದಿಲ್ಲ?

ಇನ್ನು ಚಿತ್ರಗಳ ವಿಚಾರ. ಮಳೆಗಾಲದ ಮೋಡವು ಉಪಗ್ರಹದ ಕಣ್ಣಿಗೆ ಪರದೆಯಾದುದರಿಂದ, ನೆಲದ ಬಳಕೆಯನ್ನು ತೋರಿಸುವ ಸ್ಪಷ್ಟ ಚಿತ್ರಗಳು ಬಹುಮಟ್ಟಿಗೆ ದೀಪಾವಳಿಯಿಂದೀಚಿನ ಒಣ ತಿಂಗಳುಗಳವು. ಆಗ ರಬ್ಬರು ಎಲೆಯುದುರಿಸಿ ಬೋಳಾಗಿ ನಿಂತಿರುತ್ತದೆ. ಅಡಕೆ ತೋಟವು ನೀರುಂಡು ಹಸುರಾಗಿ ಕಾಡಿನಂತೆಯೇ ಕಾಣುತ್ತದೆ. ಕಾಡಿನ ತರಗೆಲೆಯು ಮಳೆನೀರನ್ನು ಹಿಡಿದು ನಿಲ್ಲಿಸುವುದು. ತೋಟದಲ್ಲಿಯಾದರೋ ಸಾಲುಗಳ ನಡುವೆ ಕಣಿ ತೋಡಿ, ಬೇರು ಕೊಳೆಯದಂತೆ ನೀರನ್ನು ಆದಷ್ಟು ಬೇಗ ತೋಡಿಗೆ ಬಿಡುವುದೇ ಕೃಷಿಕನ ಜಾಣತನ. ನೋಟಕ್ಕೆ ಒಂದೇ ಹಸುರು, ನೀರಿನ ಲೆಕ್ಕದಲ್ಲಿ ಅಜಗಜಾಂತರ. ನಮ್ಮ ಮುರಕಲ್ಲಿನ ಗುಡ್ಡೆಗಳೂ ಹಾಗೆಯೇ. ಮೇಲೆ ಬಂಡೆಯಷ್ಟು ಗಟ್ಟಿ. ಒಳಗಿನ ತೂತು ಬಿರುಕುಗಳಲ್ಲಿ ಇಳಿದ ನೀರು ಬುಡದಲ್ಲಿ ಒರತೆಯಾಗಿ ಹೊರಡುತ್ತದೆ. ಮೇಲಾಗಿ ಆ ಅಂಕೆಗಳ ಪಟ್ಟಿಯು ಇಳಿಜಾರು ಕಡಮೆಯಿರುವ ಹೊಲಗಳನ್ನು ನೋಡಿ ಬರೆದುದು. ಪುಷ್ಪಗಿರಿಯ ಕಡಿದಾದ ಪಕ್ಕೆಗಳನ್ನು ಕಂಡು ಬರೆದುದಲ್ಲ. ಇದರಿಂದ ಕ್ರಮವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ತಕ್ಕಡಿ ಒಳ್ಳೆಯದೇ, ಬಟ್ಟು ಊರಿನದಾಗಿರಬೇಕು.

ಇದು ಬರಿಯ ಪಂಡಿತರ ವಿನೋದವಲ್ಲವೆಂಬುದಕ್ಕೆ ಎತ್ತಿನಹೊಳೆಯೇ ಸಾಕ್ಷಿ. ಸಕಲೇಶಪುರದ ಮಲೆಯಿಂದ ಇಳಿಯುವ ಆ ನೀರು ಕೆಂಪುಹೊಳೆಯಾಗಿ, ಗುಂಡ್ಯ ಹೊಳೆಯಾಗಿ, ಕಡಬ ತಾಲೂಕಿನಲ್ಲಿ ಹರಿದು ಕುಮಾರಧಾರೆಯನ್ನು ಸೇರತಕ್ಕದ್ದು. ಎತ್ತಿನಹೊಳೆ ಮತ್ತು ನೆರೆಯ ಹಳ್ಳಗಳಿಂದ ೨೪.೦೧ ಟಿ.ಎಂ.ಸಿ. ನೀರನ್ನು ಪೂರ್ವಕ್ಕೆ ತಿರುಗಿಸಬಹುದೆಂದು ಸರಕಾರದ ಯೋಜನಾ ವರದಿಯು ಹೇಳಿತು. ೨೦೧೫ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರರೂ ಸಂಗಡಿಗರೂ ಉಪಗ್ರಹಚಿತ್ರಗಳಿಂದ ನೆಲದ ಬಳಕೆಯನ್ನು ಗುರುತಿಸಿ, ಮಳೆಯ ಲೆಕ್ಕದೊಡನೆ ಕೂಡಿಸಿ, ಅಲ್ಲಿನ ಒಟ್ಟು ನೀರೇ ೯.೫೫ ಟಿ.ಎಂ.ಸಿ. ಎಂದರು. ಒಂದೇ ಬೆಟ್ಟ, ಒಂದೇ ಮಳೆ. ಒಬ್ಬರ ಉತ್ತರ ಇನ್ನೊಬ್ಬರದರ ಎರಡೂವರೆ ಪಟ್ಟು! ನಾವೂ ಸ್ಲೇಟು ಹಿಡಿದೆವು. ಆ ಜಲಾನಯನವು ಸುಮಾರು ೧೮೦ ಚದರ ಕಿಲೋಮೀಟರು. ೨೪.೦೧ ಟಿ.ಎಂ.ಸಿ.ಯನ್ನು ಅದರ ಮೇಲೆ ಸಮನಾಗಿ ಹರಡಿದರೆ ೩,೭೮೦ ಮಿಲಿಮೀಟರು ಎತ್ತರಕ್ಕೆ ನಿಲ್ಲುತ್ತದೆ, ೯.೫೫ನ್ನು ಹರಡಿದರೆ ೧,೫೦೦. ವರ್ಷಕ್ಕೆ ಮೂರರಿಂದ ಐದು ಸಾವಿರ ಮಿಲಿಮೀಟರು ಮಳೆ ಬೀಳುವ ಮಲೆಯಲ್ಲಿ ಮೊದಲಿನ ಅಂಕೆ ನಿಜವಾಗಬೇಕಾದರೆ, ಸಾಧಾರಣ ವರ್ಷದಲ್ಲಿ ಕಾಡು ಒಂದು ಗುಟುಕೂ ಕುಡಿಯಕೂಡದು, ಒರತೆಗೆ ಏನೂ ಉಳಿಯಕೂಡದು. ನಮ್ಮ ಅಭಿಪ್ರಾಯದಲ್ಲಿ ದೊಡ್ಡ ಅಂಕೆಯು ನಂಬತಕ್ಕದ್ದಲ್ಲ. ಕೋಲಾರ, ಚಿಕ್ಕಬಳ್ಳಾಪುರಗಳ ಸೋದರರ ದಾಹವು ನಮ್ಮದೇ ದಾಹ; ಅವರಿಗೆ ನೀರು ಕೊಡಬಾರದೆನ್ನುವಷ್ಟು ಸಂಕುಚಿತರು ನಾವಲ್ಲ. ಇಲ್ಲದ ನೀರನ್ನು ಕಾಗದದ ಮೇಲೆ ತೋರಿಸಿ ಅವರನ್ನು ಕಾಯಿಸುವುದು ಅವರಿಗೆ ಮಾಡುವ ಮೊದಲ ಅನ್ಯಾಯ; ನಮ್ಮ ಹೊಳೆ ಬತ್ತುವುದು ಎರಡನೆಯದು. ೨೦೨೪ರ ಸೆಪ್ಟೆಂಬರ್ ೬ರಂದು ಯೋಜನೆಯ ಮೊದಲ ಹಂತವು ಉದ್ಘಾಟನೆಯಾಗಿ ಪಂಪುಗಳು ತಿರುಗಿವೆ. ಇನ್ನು ವಾದಕ್ಕೆ ಎಡೆಯೇಕೆ? ತಿಂಗಳು ತಿಂಗಳೂ ಎತ್ತಿದ ನೀರಿನ ಲೆಕ್ಕವನ್ನು ಸರಕಾರವು ಪ್ರಕಟಿಸಲಿ.

ಬೇಸಗೆಯ ನೀರಷ್ಟೇ ಅಲ್ಲ, ಮಳೆಗಾಲದ ಪ್ರಾಣವೂ ಈ ಲೆಕ್ಕದಲ್ಲಿದೆ. ೧೯೨೩ರ ನೆರೆಯನ್ನು ಹಿರಿಯರ ಬಾಯಿಂದ ಕೇಳಿದ್ದೇವೆ; ೧೯೭೪ರದನ್ನು ಕಂಡವರು ಇನ್ನೂ ಇದ್ದಾರೆ. ೨೦೨೨ರ ಆಗಸ್ಟಿನ ಮೊದಲಲ್ಲಿ ಸುಬ್ರಹ್ಮಣ್ಯದಲ್ಲಿ ಗುಡ್ಡ ಕುಸಿದು ಎರಡು ಎಳೆಯ ಹೆಣ್ಣುಮಕ್ಕಳು ಮಡಿದರು. ಹರಿಹರ ಪಳ್ಳತ್ತಡ್ಕದಲ್ಲಿ ಹೊಳೆಯು ಪೇಟೆಗೇ ನುಗ್ಗಿತು. ಮೇಲಣ ಗುಡ್ಡೆಯಲ್ಲಿ ಇಷ್ಟು ಗಂಟೆಗೆ ಇಷ್ಟು ಮಳೆಯಾದರೆ ಕೆಳಗಣ ಪೇಟೆಗೆ ಎಷ್ಟು ಹೊತ್ತಿಗೆ ಎಷ್ಟು ನೀರು ಬಂದೀತೆಂದು ಮೊದಲೇ ಹೇಳಲು ಇದೇ ನಕಾಶೆ, ಇದೇ ಅಂಕೆಗಳು ಬೇಕು.

ಮಳೆಯನ್ನು ಅಳೆಯುವ ವ್ಯವಸ್ಥೆ ನಮ್ಮಲ್ಲಿ ಕೆಟ್ಟದಾಗಿಲ್ಲ. ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯತುಗಳಲ್ಲಿ ನಿಲ್ಲಿಸಿದ ಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ವರದಿ ಮಾಡುತ್ತವೆ. ಕೊರತೆ ಹೊಳೆಯ ಅಳತೆಯಲ್ಲಿದೆ. ಕೇಂದ್ರ ಜಲ ಆಯೋಗದವರು ಬಂಟ್ವಾಳದಲ್ಲಿ ಅಳೆಯುವುದು ನೇತ್ರಾವತಿ, ಕುಮಾರಧಾರೆಗಳೆರಡೂ ಕೂಡಿದ ಹರಿವನ್ನು. ಅದರಲ್ಲಿ ಕಡಬದ ಪಾಲೆಷ್ಟೆಂದು ಆ ಅಂಕೆ ಹೇಳಲಾರದು. ಉಪ್ಪಿನಂಗಡಿಯ ಸಂಗಮಕ್ಕಿಂತ ಮೇಲೆ ಕುಮಾರಧಾರೆಯನ್ನೂ, ಹೊಸ್ಮಠದಲ್ಲಿ ಗುಂಡ್ಯ ಹೊಳೆಯನ್ನೂ, ಸರ್ವೆಯಲ್ಲಿ ಗೌರಿಹೊಳೆಯನ್ನೂ, ನೀರಿನ ಎತ್ತರವನ್ನಷ್ಟೇ ನೋಡದೆ ವೇಗವನ್ನೂ ಹಿಡಿದು, ಮಳೆಗಾಲ ಬೇಸಗೆಗಳೆರಡರಲ್ಲಿಯೂ ದಿನಂಪ್ರತಿ ಅಳೆದು ಪ್ರಕಟಿಸಬೇಕು. ನೆಲದ ಬಳಕೆಯ ನಕಾಶೆಯನ್ನು ಪ್ರತಿ ಪಂಚಾಯತಿನ ಗೋಡೆಗೆ ತೂಗಹಾಕಿ, ಇದು ಕಾಡಲ್ಲ, ನನ್ನ ತೋಟವೆಂದು ತಿದ್ದುವ ಅವಕಾಶವನ್ನು ಗ್ರಾಮಸಭೆಗೆ ಕೊಡಬೇಕು. ಬರುವ ಮುಂಗಾರಿಗೆ ಮೊದಲೇ ಇದು ಆರಂಭವಾಗದಿದ್ದಲ್ಲಿ ಇನ್ನೊಂದು ವರ್ಷದ ಲೆಕ್ಕವು ಕಡಲಿಗೆ ಹೋದಂತೆಯೇ.

ನಮ್ಮ ಸೀಮೆಯ ಕೃಷಿಕರಲ್ಲಿ ದಶಕಗಳಿಂದ ಮನೆಯಂಗಳದಲ್ಲಿ ಮಳೆಯಳೆದು ದಿನಚರಿಯಲ್ಲಿ ಬರೆದಿಟ್ಟವರಿದ್ದಾರೆ. ಅಂಥವರು ತಮ್ಮ ಪುಸ್ತಕದ ನಕಲನ್ನು ನಮ್ಮ ಕಚೇರಿಗೆ ಕಳುಹಿಸಿದಲ್ಲಿ ಗ್ರಾಮದ ಹೆಸರಿನೊಡನೆ ಈ ಪತ್ರಿಕೆಯಲ್ಲಿ ಕ್ರಮವಾಗಿ ಅಚ್ಚುಹಾಕುವೆವು. ಮೂಲ ಪುಸ್ತಕವನ್ನು ಕಳುಹಿಸಬೇಕಾಗಿಲ್ಲ.