ಒಂದೇ ಶ್ರುತಿ, ನಾಲ್ಕು ಕಂಠ

ನವೆಂಬರ್ ತಿಂಗಳಲ್ಲಿ ಹೈದರಾಬಾದಿನ ಕನ್ನಡಿಗರು ರಾಜ್ಯೋತ್ಸವವನ್ನು ಆಚರಿಸುವಾಗ ನಾಡಗೀತೆಗೆ ಸಭೆಯೆಲ್ಲ ಎದ್ದು ನಿಲ್ಲುವುದು ಪದ್ಧತಿ. ಧ್ವನಿವರ್ಧಕದ ಮುಂದೆ ನಾಲ್ಕೈದು ಮಂದಿ ಹಾಡುತ್ತಾರೆ. ಸಭಾಸದರಲ್ಲಿ ಕೆಲವರು ತುಟಿಯಾಡಿಸುತ್ತಾರೆ, ಹಲವರು ಕೈಕಟ್ಟಿ ನಿಲ್ಲುತ್ತಾರೆ. ಕರ್ನಾಟಕ ಸರಕಾರವು ನಾಡಗೀತೆಯನ್ನು 2004ರಲ್ಲಿ ಗೊತ್ತುಮಾಡಿತು. 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡುಗಳ ಅವಧಿಯನ್ನೂ ನಿಗದಿಪಡಿಸಿತು. ಹೀಗೆ ಗೀತೆ, ಧಾಟಿ, ಕಾಲ ಮೂರೂ ನಿಶ್ಚಿತವಾದುವು. ಎಲ್ಲರೂ ಕೂಡಿ ಒಂದೇ ಶ್ರುತಿಯಲ್ಲಿ ಹಾಡುವ ಅಭ್ಯಾಸ ಮಾತ್ರ ನಮಗಿನ್ನೂ ಒದಗಿಬಂದಿಲ್ಲ.

ಈ ವಿಚಾರವು ಪ್ರಬಲವಾಗಿ ಮನಸ್ಸಿಗೆ ಬರಲು ನನ್ನ ಸೋದರಳಿಯನೇ ಕಾರಣ. ಈ ನಗರದಲ್ಲಿಯೇ ಬೆಳೆದು, ಎಂಟು ವರ್ಷ ಕರ್ನಾಟಕ ಸಂಗೀತವನ್ನು ಅಭ್ಯಸಿಸಿ, ನಮ್ಮ ಸ್ಪರ್ಧೆಗಳಲ್ಲಿ ಬಹುಮಾನಗಳನ್ನು ಗಳಿಸಿದ ತರುಣನೀತ. ಉನ್ನತ ವ್ಯಾಸಂಗಕ್ಕೆಂದು ಅಮೆರಿಕೆಗೆ ಹೋದಾಗ ಎರಡು ದಿನಗಳ ‘ಬಾರ್ಬರ್‌ಶಾಪ್’ ಗಾಯನ ಶಿಬಿರವೊಂದಕ್ಕೆ ಸೇರಿಕೊಂಡನು. ಕ್ಷೌರದಂಗಡಿಯ ಗಾಯನವೆಂದರೆ ಯಾರಿಗಾದರೂ ನಗು ಬಂದೀತು. ಆದರೆ ನಮ್ಮ ಮದುವೆ ಮುಂಜಿಗಳ ಮಂಗಳವಾದ್ಯವನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರಾರು? ಕರ್ನಾಟಕದ ಊರೂರುಗಳಲ್ಲಿ ವಾಲಗವನ್ನೂ ತೆಲುಗು ನಾಡಿನಲ್ಲಿ ಸನ್ನಾಯಿ ಮೇಳವನ್ನೂ ನುಡಿಸುತ್ತ ಬಂದವರಲ್ಲಿ ಕ್ಷೌರಿಕ ವೃತ್ತಿಯ ಸಮಾಜದವರೇ ಹೆಚ್ಚಿನವರು. ಕತ್ತರಿ ಹಿಡಿದ ಕೈಯೇ ನಾಗಸ್ವರವನ್ನೂ ಹಿಡಿದಿದೆ.

ಅಮೆರಿಕದಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕ್ಷೌರದಂಗಡಿಯು ನಾಲ್ಕು ಜನ ಕೂಡುವ ತಾಣವಾಗಿತ್ತು. ಅಲ್ಲಿ ಹಾಗೂ ಬೀದಿಯ ಮೂಲೆಗಳಲ್ಲಿ, ಮುಖ್ಯವಾಗಿ ಆಫ್ರಿಕನ್ ಅಮೆರಿಕನ್ನರ ನಡುವೆ, ವಾದ್ಯಗಳ ನೆರವಿಲ್ಲದೆ ನಾಲ್ವರು ನಾಲ್ಕು ಸ್ವರಗಳಲ್ಲಿ ಒಂದೇ ಹಾಡನ್ನು ಹಾಡುವ ಕ್ರಮ ಬೆಳೆಯಿತು. ಒಬ್ಬನು ಮೂಲ ಧಾಟಿಯನ್ನು ಹಾಡಿದರೆ, ಇನ್ನೊಬ್ಬನು ಅದರ ಮೇಲೆ, ಮತ್ತೊಬ್ಬನು ಮಂದ್ರದಲ್ಲಿ, ನಾಲ್ಕನೆಯವನು ನಡುವೆ ಬಿಟ್ಟುಹೋದ ಸ್ವರವನ್ನು ತುಂಬುತ್ತ ಹಾಡುತ್ತಾರೆ. ಇದನ್ನು ಉಳಿಸಿ ಬೆಳೆಸಲು 1938ರಲ್ಲಿ ಓಕ್ಲಹೋಮಾದ ಟಲ್ಸಾ ನಗರದಲ್ಲಿ ಒಂದು ಸಂಘ ಹುಟ್ಟಿತು. ವಿಪರ್ಯಾಸವೆಂದರೆ, ಈ ಕಲೆಗೆ ಮೂಲರಾದ ಆಫ್ರಿಕನ್ ಅಮೆರಿಕನ್ನರಿಗೇ ಆ ಸಂಘದ ಬಾಗಿಲು 1963ರವರೆಗೆ ತೆರೆಯಲಿಲ್ಲ. ಸ್ತ್ರೀಯರಿಗೆ ಪೂರ್ಣ ಸದಸ್ಯತ್ವ ದೊರೆತದ್ದು 2018ರಲ್ಲಿ. ಕೂಡಿ ಹಾಡುವವರು ಸಹ ಬಾಗಿಲು ಮುಚ್ಚಬಲ್ಲರೆಂಬುದನ್ನು ಸಂಘ ನಡೆಸುವವರೆಲ್ಲರೂ ನೆನಪಿಡತಕ್ಕದ್ದು.

ಶಿಬಿರದ ಮೊದಲನೆಯ ದಿನ ನಮ್ಮ ತರುಣನಿಗೆ ಅವಮಾನವೇ ಆಯಿತಂತೆ. ಅವನಿಗೆ ಕೊಟ್ಟದ್ದು ನಡುವಣ ಧ್ವನಿ. ಅದರಲ್ಲಿ ರಾಗದ ಸೊಗಸಿಲ್ಲ. ಒಂಟಿಯಾಗಿ ಕೇಳಿದರೆ ಅದು ಹಾಡೆಂದೇ ತೋರುವುದಿಲ್ಲ. ಗಮಕಕ್ಕೆ ಒಗ್ಗಿದ ಕಂಠಕ್ಕೆ ಸ್ವರವನ್ನು ಅಲುಗಿಸದೆ ನೇರವಾಗಿ ನಿಲ್ಲಿಸುವುದು ಕಷ್ಟವಾಯಿತು. “ನಿನ್ನ ಧ್ವನಿ ನಮಗೆಲ್ಲ ಕೇಳಿಸುತ್ತಿದೆ, ಉಳಿದ ಮೂವರದು ನಿನಗೆ ಕೇಳಿಸುತ್ತಿದೆಯೆ?” ಎಂದು ಶಿಕ್ಷಕರು ಪ್ರಶ್ನಿಸಿದರು. ಎರಡನೆಯ ದಿನ ಹಾಡೊಂದರ ಮುಕ್ತಾಯದ ಕೆಲವೇ ಸೆಕೆಂಡುಗಳ ಭಾಗವನ್ನು ನಾಲ್ವರೂ ತಗ್ಗಿದ ದನಿಯಲ್ಲಿ ಮತ್ತೆ ಮತ್ತೆ ಹಾಡುತ್ತಿರಲು, ಯಾರೂ ಹಾಡದ ಐದನೆಯ ಸ್ವರವೊಂದು ಮೇಲಿನಿಂದ ಕೇಳಿಬಂದಿತು. ರಜೆಗೆ ಬಂದಾಗ ಅವನು ಹೇಳಿದ ಮಾತಿದು: “ಮಾಮಾ, ಎಂಟು ವರ್ಷ ಹಾಡೋದನ್ನ ಕಲಿತಿದ್ದೆ. ಇನ್ನೊಬ್ಬರು ಹಾಡೋವಾಗ ಕೇಳೋದನ್ನ ಅಲ್ಲಿ ಕಲಿತೆ.”

ಈ ಐದನೆಯ ಸ್ವರವು ಪವಾಡವಲ್ಲ, ಲೆಕ್ಕ. ಷಡ್ಜವು ಸೆಕೆಂಡಿಗೆ 240 ಕಂಪನಗಳಾದರೆ, ಅದಕ್ಕೆ ಶುದ್ಧವಾಗಿ ಹೊಂದುವ ಅಂತರ ಗಾಂಧಾರ 300, ಪಂಚಮ 360. ಬಾರ್ಬರ್‌ಶಾಪ್ ಗಾಯಕರು ಇವುಗಳ ಮೇಲೆ 420ರ ನಿಷಾದವೊಂದನ್ನು ಇರಿಸುತ್ತಾರೆ. ನಾಲ್ಕೂ ಅರವತ್ತರ ಗುಣಕಗಳು. 4, 5, 6, 7ರ ಅನುಪಾತ. ಸ್ವರಗಳು ಈ ಪ್ರಮಾಣದಲ್ಲಿ ಕರಾರುವಾಕ್ಕಾಗಿ ನಿಂತು, ನಾಲ್ವರ ಅಕಾರ ಇಕಾರಗಳೂ ಒಂದೇ ಆದಾಗ, ಅವುಗಳ ಅನುಸ್ವನಗಳು ಒಂದರೊಡನೊಂದು ಬೆರೆತು ಹೊಸ ನಾದವಾಗಿ ಕೇಳುತ್ತವೆ. ಪಂಚಮ ಷಡ್ಜಗಳಿಗೆ ಮಾತ್ರ ಶ್ರುತಿಮಾಡಿದ ತಂಬೂರಿಯಿಂದ ಗಾಂಧಾರವು ತಾನಾಗಿ ಹೊಮ್ಮುವುದನ್ನು ನಮ್ಮ ವಿದ್ವಾಂಸರು ಬಲ್ಲರು. ಇಬ್ಬರೂ ಕೇಳುತ್ತಿರುವುದು ಒಂದೇ ಪ್ರಕೃತಿ ಧರ್ಮವನ್ನು.

‘ನಮ್ಮದು ರಾಗಪ್ರಧಾನ ಸಂಗೀತ, ಇದು ನಮಗೆ ಸಲ್ಲದು’ ಎಂಬ ಆಕ್ಷೇಪಣೆ ಬರುವುದು ಸಹಜ. ಕೃತಿಗಳಿಗೂ ಕೀರ್ತನೆಗಳಿಗೂ ನಾಲ್ಕು ಧ್ವನಿಗಳನ್ನು ತೊಡಿಸಬೇಕೆಂದು ನನ್ನ ವಾದವಲ್ಲ. ಆದರೆ ಕೂಡಿ ಹಾಡುವುದು ಪರಕೀಯವೆನ್ನುವುದು ಸರಿಯಲ್ಲ. ಸೋಬಾನೆ, ಬೀಸುವ ಪದ, ಭಜನೆ ಇವೆಲ್ಲ ಸಮೂಹದವೇ. 1956ರ ನವೆಂಬರ್ 1ರವರೆಗೆ ಇದೇ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಕಲಬುರಗಿ, ಬೀದರ್, ರಾಯಚೂರು ಸೀಮೆಗಳಲ್ಲಿ ತತ್ತ್ವಪದಗಳು ಬದುಕಿರುವುದು ಏಕತಾರಿ ಹಿಡಿದವನ ಹಿಂದೆ ಸೊಲ್ಲೆತ್ತುವ ಮೇಳದಿಂದ. ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿಯವರೊಡನೆ ಹಾಡಿದುದನ್ನು ಹಿರಿಯರು ಮರೆತಿರಲಾರರು. ಪರದೇಶದ ಸಂಗೀತವೆಂದು ಮಡಿ ಮಾಡುವವರು, ಕರ್ನಾಟಕ ಸಂಗೀತದಲ್ಲಿ ಕೃತಿರಚನೆ ಮಾಡಿದ ಮಹಾರಾಜ ಜಯಚಾಮರಾಜ ಒಡೆಯರೇ ಲಂಡನ್ನಿನ ಫಿಲ್ಹಾರ್ಮೋನಿಯಾ ಸಂಗೀತ ಸಭೆಯ ಪ್ರಥಮ ಅಧ್ಯಕ್ಷರಾಗಿದ್ದರೆಂಬುದನ್ನು ಗಮನಿಸಬೇಕು. ಕಲ್ಕತ್ತೆಯಲ್ಲಿ 1958ರಲ್ಲಿ ರುಮಾ ಗುಹಾ ಠಾಕುರ್ತಾ ಅವರು ಕಲ್ಕತ್ತಾ ಯೂತ್ ಕಾಯರ್ ಸ್ಥಾಪಿಸಿದರು. 1970ರ ದಶಕದಲ್ಲಿ ಎಂ. ಬಿ. ಶ್ರೀನಿವಾಸನ್ ಅವರು ಮದರಾಸಿನಲ್ಲಿ ಯುವ ವೃಂದವನ್ನು ಕಟ್ಟಿ ಭಾರತೀಯ ಭಾಷೆಗಳ ಗೀತೆಗಳನ್ನು ಬಹುಧ್ವನಿಗಳಲ್ಲಿ ಹಾಡಿಸಿದರು. ಅವರಿಗೆ ಸಾಧ್ಯವಾದುದು ನಮಗೇಕೆ ಅಸಾಧ್ಯ?

ಇಂದು ನಮ್ಮ ಸಂಘಗಳು ಮಕ್ಕಳಿಗಾಗಿ ನಡೆಸುವುದು ಬಹುಮಟ್ಟಿಗೆ ಒಂಟಿ ಗಾಯನದ ಸ್ಪರ್ಧೆ. ಮೂವರಿಗೆ ಬಹುಮಾನ, ಮೂವತ್ತು ಮಕ್ಕಳಿಗೆ ನಿರಾಶೆ. ಆ ಮೂವತ್ತರಲ್ಲಿ ಹಲವರು ಮುಂದಿನ ವರ್ಷ ಬರುವುದಿಲ್ಲ. ಅವರ ತಂದೆತಾಯಿಗಳೂ ಬರುವುದಿಲ್ಲ. ನಾವು ಕಳೆದುಕೊಳ್ಳುತ್ತಿರುವುದು ಬರಿಯ ಗಾಯಕರನ್ನಲ್ಲ, ಕನ್ನಡದ ಮನೆಗಳನ್ನು. ಶಾಲೆಯಲ್ಲಿ ತೆಲುಗು, ಹಿಂದಿ, ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳಲ್ಲಿ ಅನೇಕರಿಗೆ ಕನ್ನಡದ ಲಿಪಿ ಬಾರದು. ಅಂಥವರಿಗೆ ಭಾಷೆ ಒಲಿಯುವುದು ಕಿವಿ ಬಾಯಿಗಳ ಮೂಲಕ. ಪಕ್ಕದವರ ದನಿಗೆ ದನಿ ಸೇರಿಸುವಾಗ ಳಕಾರ ಲಕಾರಗಳ ಭೇದವು ಯಾರೂ ಗದರಿಸದೆಯೇ ನಾಲಗೆಗೆ ಬರುತ್ತದೆ.

ಆರೋಗ್ಯದ ದೃಷ್ಟಿಯಿಂದಲೂ ಒಂದು ಮಾತು. ಸಾಮಾನ್ಯವಾಗಿ ಹನ್ನೆರಡರಿಂದ ಹದಿನೈದರ ವಯಸ್ಸಿನಲ್ಲಿ ಹುಡುಗರ ಧ್ವನಿತಂತುಗಳು ಬೆಳೆದು ಕಂಠ ಒಡೆಯುತ್ತದೆ. ಸ್ಪರ್ಧೆಯ ಒತ್ತಡದಲ್ಲಿ ಹಳೆಯ ಶ್ರುತಿಯಲ್ಲಿಯೇ ಬಲವಂತದಿಂದ ಹಾಡುವುದು ಹಾನಿಕರ. ಸಂಕೋಚದಿಂದ ಹಾಡುವುದನ್ನೇ ಬಿಡುವುದು ಅದಕ್ಕಿಂತ ನಷ್ಟಕರ. ವೃಂದದಲ್ಲಿ ಒಡೆದ ಕಂಠಕ್ಕೂ ಮಂದ್ರದಲ್ಲೊಂದು ಸ್ಥಾನ ಕಾದಿರುತ್ತದೆ. ಧ್ವನಿವರ್ಧಕದೊಡನೆ ಪೈಪೋಟಿ ನಡೆಸಿ ಕೂಗುವುದು, ಪದೇ ಪದೇ ಗಂಟಲು ಕೆರೆದುಕೊಳ್ಳುವುದು, ನೀರು ಕುಡಿಯದೆ ದೀರ್ಘಕಾಲ ಹಾಡುವುದು ಧ್ವನಿತಂತುಗಳ ಮೇಲೆ ಗಂಟುಗಳಿಗೆ ಎಡೆಮಾಡಬಹುದು. ಧ್ವನಿಯ ಕರ್ಕಶತೆ ಮೂರು ವಾರ ಮೀರಿದರೆ ಮನೆಮದ್ದನ್ನು ಬದಿಗಿಟ್ಟು ಗಂಟಲಿನ ತಜ್ಞರನ್ನು ಕಾಣುವುದು ಕ್ಷೇಮ.

ಗದಗದ ಬಳಿಯ ಕಣಗಿನಹಾಳದ ರೈತರು 1905ರಲ್ಲಿ ಸಣ್ಣ ಸಣ್ಣ ಮೊತ್ತಗಳನ್ನು ಕೂಡಿಸಿ ಸಹಕಾರ ಸಂಘವನ್ನು ಸ್ಥಾಪಿಸಿದಾಗ, ಅವರಲ್ಲಿ ಒಬ್ಬೊಬ್ಬರ ಹಣವೂ ಅಲ್ಪವೇ ಆಗಿತ್ತು. ಬ್ಯಾಂಕಿನಲ್ಲಿ ದುಡಿಯುವ ನನಗೆ ವೃಂದಗಾನವೂ ಅಂಥದೇ ಸಹಕಾರ ಸಂಘವಾಗಿ ತೋರುತ್ತದೆ. ಇದಕ್ಕೆ ಬಂಡವಾಳವೂ ಹೆಚ್ಚು ಬೇಡ: ಒಂದು ಶ್ರುತಿಪೆಟ್ಟಿಗೆ, ಒಬ್ಬ ತಾಳ್ಮೆಯ ಶಿಕ್ಷಕ, ತಿಂಗಳಿಗೆ ಎರಡು ಭಾನುವಾರ, ಧ್ವನಿವರ್ಧಕವಿಲ್ಲದ ಒಂದು ಕೊಠಡಿ. ಮೊದಲ ಆರು ತಿಂಗಳು ಎಲ್ಲರೂ ಒಂದೇ ಧಾಟಿಯಲ್ಲಿ ಹಾಡಲಿ. ಶ್ರುತಿ ನಿಂತ ಮೇಲೆ ಸರಳವಾದ ಶಿಶುಗೀತೆಗೆ ಎರಡನೆಯ ಧ್ವನಿ ಸೇರಲಿ. ಕನ್ನಡಿಗರ ಮನೆಗೆ ಬಂದ ತೆಲುಗು ಸೊಸೆಯರಿಗೂ, ನಿವೃತ್ತ ಹಿರಿಯರಿಗೂ, ಬಹುಮಾನ ಬಾರದ ಮಕ್ಕಳಿಗೂ ಅಲ್ಲಿ ಪ್ರವೇಶವಿರಲಿ. ಪದಾಧಿಕಾರಿಗಳು ಮುಂದಿನ ಆಯವ್ಯಯದಲ್ಲಿ ಒಂದು ಸ್ಪರ್ಧೆಯ ಬಹುಮಾನದ ಹಣವನ್ನು ಇದಕ್ಕೆ ತೆಗೆದಿರಿಸುವರೆಂದು ಆಶಿಸುತ್ತೇನೆ.