ಹಳ್ಳಿಗುಡಿಯ ಹುಡುಗಿಗೂ ಒಂದು ಕಾದಂಬರಿ

ಹದಿಹರೆಯದವರಿಗೆಂದೇ ಬರೆದ ಇಂಗ್ಲಿಷ್ ಕಾದಂಬರಿಗಳನ್ನು ಈಚೆಗೆ ಒಂದರ ಹಿಂದೊಂದು ಓದುತ್ತ ಹೋದಂತೆ ಅವುಗಳ ಮಾಯಾಜಾಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ್ದು ಅವುಗಳೊಳಗಿನ ರಾಜಕಾರಣ. ಸುಝಾನ್ ಕಾಲಿನ್ಸ್ ಅವರ 'ದಿ ಹಂಗರ್ ಗೇಮ್ಸ್' (2008) ನೋಡಿ. ಹನ್ನೆರಡನೆಯ ಜಿಲ್ಲೆಯ ಜನ ಕಲ್ಲಿದ್ದಲು ಅಗೆದು ರಾಜಧಾನಿಗೆ ಕಳಿಸುತ್ತಾರೆ, ತಾವು ಉಪವಾಸ ಬೀಳುತ್ತಾರೆ. ವರ್ಷಕ್ಕೊಮ್ಮೆ ಪ್ರತಿ ಜಿಲ್ಲೆಯಿಂದ ಚೀಟಿ ಎತ್ತಿ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಸಾಯುವ ಆಟಕ್ಕೆ ಒಯ್ಯುತ್ತಾರೆ. ಬಡವರ ಮಕ್ಕಳಿಗೆ ಅಲ್ಲೊಂದು 'ಸೌಲಭ್ಯ' ಉಂಟು: ತಮ್ಮ ಹೆಸರಿನ ಚೀಟಿಯನ್ನು ಇನ್ನೊಂದು ಸಲ ಹಾಕಿಸಿದರೆ ಮನೆಯ ಒಬ್ಬರಿಗೆ ವರ್ಷದ ಕಾಳು, ಎಣ್ಣೆ ಸಿಗುತ್ತದೆ. ಹೀಗೆ ಹಾಕಿಸಿದ ಚೀಟಿಗಳು ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗುತ್ತವೆ. ಹದಿನಾರರ ನಾಯಕಿಯ ಹೆಸರು ಆಗಲೇ ಇಪ್ಪತ್ತು ಸಲ ಬಿದ್ದಿರುತ್ತದೆ. ಹಸಿದವರನ್ನೇ ಸಾವಿನ ಹತ್ತಿರ ತಳ್ಳುವ ಈ ಲೆಕ್ಕಾಚಾರವನ್ನು ಯಾವ ಉಪದೇಶವೂ ಇಲ್ಲದೆ ಹದಿನಾಲ್ಕು ವಯಸ್ಸಿನವರಿಗೆ ತಿಳಿಸಿಬಿಡುವುದು ಸಣ್ಣ ಕೆಲಸವಲ್ಲ.

ಇಂಥ ಲೆಕ್ಕ ನಮ್ಮ ಗದಗ ಸೀಮೆಗೆ ಹೊಸತೂ ಅಲ್ಲ. 1876-78ರ ಬರದಲ್ಲಿ ಪರಿಹಾರ ಕಾಮಗಾರಿಗೆ ಬಂದ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಒಂದು ಆಣೆ ಸಾಕೆಂದು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಗೊತ್ತುಮಾಡಿದ್ದ. ಅದೇ ಹೊತ್ತಿಗೆ ದೇಶದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಬರ ಮುಗಿದ ಮೇಲೆ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಹುಟ್ಟಿತು. 1884ರಲ್ಲಿ ಗದಗ-ಹೋಟಗಿ ಮಾರ್ಗ ತೆರೆಯಿತು. ಬರಪೀಡಿತ ಸೀಮೆಗೆ ಕಾಳು ಮುಟ್ಟಿಸಲು ಬಂದ ಹಳಿಗಳು ಎರೆಹೊಲದ ಹತ್ತಿಯನ್ನು ಹೊರಗೆ ಸಾಗಿಸುವುದಕ್ಕೂ ಅಷ್ಟೇ ಅನುಕೂಲವಾದವು. ಇಷ್ಟು ಸರಕು ಕಣ್ಣೆದುರಿಗಿದ್ದೂ ಇದನ್ನು ಕಥೆಯಾಗಿಸಿ ಹೈಸ್ಕೂಲಿನ ಮಕ್ಕಳ ಕೈಗಿಡುವ ಕನ್ನಡ ಕಾದಂಬರಿ ಹುಡುಕಿದರೆ ಸಿಗುವುದು ಕಷ್ಟ. ನಮ್ಮಲ್ಲಿ ಹನ್ನೆರಡರವರೆಗೆ ನೀತಿಕಥೆ, ತೆನಾಲಿರಾಮ, ಬೇತಾಳ. ಅದು ದಾಟಿದರೆ ಒಮ್ಮೆಲೇ ದೊಡ್ಡವರ ಕಾದಂಬರಿ, ಇಲ್ಲವೆ ಸ್ಪರ್ಧಾತ್ಮಕ ಪರೀಕ್ಷೆಯ ಗೈಡು. ನಡುವಿನ ಕಪಾಟು ಖಾಲಿ. ಕಲ್ಪನೆಗೆ ಬರ ಬಂದದ್ದರಿಂದ ಅದು ಖಾಲಿಯಾಗಿಲ್ಲ. ಯಾರು ಆಳುತ್ತಾರೆ, ಯಾರು ಬೆಲೆ ತೆರುತ್ತಾರೆ ಎಂಬ ಕಥೆಯನ್ನು ಈ ವಯಸ್ಸಿನವರ ಕೈಗೆ ಕೊಡಲು ನಮ್ಮ ಲೇಖಕರು, ಪ್ರಕಾಶಕರು, ಮೇಷ್ಟ್ರುಗಳು ಎಲ್ಲರೂ ಹಿಂಜರಿಯುತ್ತಾರೆ. ಮಕ್ಕಳಿಗೆ ಬುದ್ಧಿ ಹೇಳಬೇಕೆಂಬ ಹಟ ಬಿಟ್ಟ ಒಬ್ಬರ ಹೆಸರು ಹೇಳಬಹುದು. ತೇಜಸ್ವಿ 'ಕರ್ವಾಲೊ', 'ಜುಗಾರಿ ಕ್ರಾಸ್' ಬರೆದಾಗ ಹದಿಹರೆಯದವರನ್ನೇನೂ ಲೆಕ್ಕಕ್ಕಿಟ್ಟಿರಲಿಕ್ಕಿಲ್ಲ. ಆದರೂ ಆ ವಯಸ್ಸಿನವರು ಇವತ್ತಿಗೂ ಅವನ್ನು ಬಿಡದೆ ಓದುತ್ತಾರೆ.

ನಮಗೆ ಪುರಾಣಗಳಿಲ್ಲವೆ, ಅವುಗಳಿಗಿಂತ ದೊಡ್ಡ ಫ್ಯಾಂಟಸಿ ಯಾವುದಿದೆ ಎಂದು ಕೇಳುವವರಿದ್ದಾರೆ. ಇವೆ, ಸರಿ. ಆದರೆ ಈ ಸೀಮೆಯ ಕವಿಗಳು ಪುರಾಣವನ್ನು ಹೇಗೆ ಬಳಸಿದರು ಎಂಬುದನ್ನೂ ನೋಡಬೇಕಲ್ಲ. ತನ್ನ ಕನ್ನಡ ಪುಲಿಗೆರೆಯ ತಿರುಳು ಎಂದು ಹೇಳಿಕೊಂಡವನು ಪಂಪ. ಪುಲಿಗೆರೆ ಎಂದರೆ ಇಂದಿನ ಲಕ್ಷ್ಮೇಶ್ವರ. ಆತ 941ರ ಸುಮಾರಿಗೆ ಭಾರತವನ್ನು ಎತ್ತಿಕೊಂಡು ಅರ್ಜುನನ ಜಾಗದಲ್ಲಿ ತನ್ನ ಒಡೆಯ ಅರಿಕೇಸರಿಯನ್ನು ನಿಲ್ಲಿಸಿದ, ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ, ಕೊನೆಗೆ ಪಟ್ಟವನ್ನೂ ಅವನಿಗೇ ಕಟ್ಟಿದ. ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಬರೆದನೆಂದು ಜನ ನಂಬಿರುವ ಕುಮಾರವ್ಯಾಸ ಅದೇ ಕಥೆಯನ್ನು ಕೃಷ್ಣನ ಕಥೆಯಾಗಿ ತಿರುಗಿಸಿಕೊಂಡ. ಇವರಿಬ್ಬರೂ ತಮ್ಮ ಕಾಲಕ್ಕೆ ಬೇಕಾದ ಹಾಗೆ ಹಳೆಯ ಕಥೆಯನ್ನು ಬಿಚ್ಚಿ ಹೊಲಿದವರು. ಪುರಾಣವಿದೆ, ಹೊಸದು ಬೇಡ ಎನ್ನುವ ವಾದಕ್ಕೆ ಇವರಿಬ್ಬರ ಬೆಂಬಲ ಸಿಗುವಂತಿಲ್ಲ.

ಇಂಗ್ಲಿಷಿನ ಇಂಥ ಕಾದಂಬರಿಗಳಲ್ಲಿ ಕಾಣುವ ಇನ್ನೊಂದು ಪ್ರಕಾರ ಸ್ಟೀಮ್‌ಪಂಕ್. ಅದರ ಬಗ್ಗೆ ಇರುವ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಉಗಿಯಂತ್ರದ ಕಾಲವೇ ಮುಂದುವರಿದಿದ್ದರೆ ಲೋಕ ಹೇಗಿರುತ್ತಿತ್ತು ಎಂದು ಕಲ್ಪಿಸುವ ಈ ಪ್ರಕಾರಕ್ಕೆ ಹೆಸರಿಟ್ಟವನು ಕೆ.ಡಬ್ಲ್ಯೂ. ಜೀಟರ್ ಎಂಬ ಅಮೆರಿಕದ ಲೇಖಕ, 1987ರಲ್ಲಿ. ಹಿತ್ತಾಳೆಯ ಗಾಲಿ, ಬಾನಲ್ಲಿ ತೇಲುವ ಹಡಗು, ಉದ್ದ ಟೊಪ್ಪಿಗೆಯ ಸಾಹೇಬರು. ಇದೆಲ್ಲ ವಿಕ್ಟೋರಿಯಾ ರಾಣಿಯ ಕಾಲಕ್ಕೆ ಹಾಡುವ ಲಾವಣಿ, ನಮಗೇಕೆ ಆ ಹಂಬಲ ಎಂದು ಕೇಳಿದರೆ ತಪ್ಪಿಲ್ಲ. ಇಂಥ ಬಹಳಷ್ಟು ಪುಸ್ತಕಗಳಲ್ಲಿ ಆ ಯಂತ್ರಗಳಿಗೆ ಹತ್ತಿ ಎಲ್ಲಿಂದ ಬಂತು, ಕೂಲಿ ಯಾರದು ಎಂಬ ಮಾತು ಪುಟದೊಳಗೆ ಬರುವುದೇ ಇಲ್ಲ. ಅದಕ್ಕೇ ಇದನ್ನು ಇಲ್ಲಿಂದ ಬರೆಯಬೇಕು. 1840ರ ದಶಕದಲ್ಲಿ ಕಂಪನಿ ಸರಕಾರ ಧಾರವಾಡ ಜಿಲ್ಲೆಯ ಎರೆಭೂಮಿಯಲ್ಲಿ ಅಮೆರಿಕದ ಹತ್ತಿ ಬೆಳೆಸುವ ಪ್ರಯೋಗ ಮಾಡಿತು. ಜವಾರಿ ಹತ್ತಿಯ ಪಕ್ಕದಲ್ಲಿ ವಿಲಾಯತಿ ಹತ್ತಿ ಬೇರೂರಿತು. 1861-65ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಲ್ಲಿ ಹತ್ತಿಯ ದರ ಗಗನಕ್ಕೇರಿ, ಯುದ್ಧ ಮುಗಿಯುತ್ತಲೇ ನೆಲಕ್ಕೆ ಬಿತ್ತು. ಕಾಣದ ದೇಶದ ಜಗಳ ತನ್ನ ಹೊಲದ ಹಣೆಬರಹ ಬರೆಯುವುದನ್ನು ಕಂಡ ರೈತನ ಕಣ್ಣಿಂದ ಉಗಿಯುಗವನ್ನು ನೋಡಿದರೆ ಲಂಡನ್ನಿನ ಲೇಖಕನಿಗೆ ಸಿಗದ ಕಾದಂಬರಿ ಸಿಗುತ್ತದೆ.

ಇದೇ ಸೀಮೆಯಲ್ಲಿ ಬ್ರಿಟಿಷರ ವಿರುದ್ಧ ಎದ್ದ 1858ರ ಬಂಡಾಯವಂತೂ ಅರ್ಧ ಬರೆದಿಟ್ಟ ಕಥೆಯಂತಿದೆ. ಮುಂಡರಗಿ ಭೀಮರಾಯ ಮೇ 24ರಂದು ಡಂಬಳದ ಖಜಾನೆ ಲೂಟಿ ಮಾಡಿ ಕೊಪ್ಪಳದ ಕೋಟೆ ಹಿಡಿದ. ನರಗುಂದದ ಅರಸ ಬಾಬಾಸಾಹೇಬನ ಕಡೆಯವರು ಮೇ 29ರ ರಾತ್ರಿ ಸುರೇಬಾನದಲ್ಲಿ ಬ್ರಿಟಿಷ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದರು. ಜೂನ್ 1ರಂದು ಭೀಮರಾಯ ಕೊಪ್ಪಳದಲ್ಲಿ ಮಡಿದ. ಅದರ ಬೆನ್ನಿಗೇ ನರಗುಂದದ ಕೋಟೆ ಬಿತ್ತು, ಜೂನ್ 12ಕ್ಕೆ ಬಾಬಾಸಾಹೇಬನಿಗೆ ಬೆಳಗಾವಿಯಲ್ಲಿ ಗಲ್ಲು. ಎಲ್ಲ ಮೂರು ವಾರದೊಳಗೆ. ಈ ಹೊತ್ತಿಗಾಗಲೇ ಟೆಲಿಗ್ರಾಫ್ ತಂತಿ ಸರಕಾರದ ಕೈಯಲ್ಲಿತ್ತು. ಬಂಡಾಯಗಾರರಿಗೆ ಇದ್ದದ್ದು ಕುದುರೆ ಮತ್ತು ಓಲೆಕಾರ. ಆ ತಂತಿ ಭೀಮರಾಯನ ಕೈಗೆ ಸಿಕ್ಕಿದ್ದರೆ? ಹಮ್ಮಿಗಿಯ ಕಮ್ಮಾರಸಾಲೆಯ ಹುಡುಗಿಯೊಬ್ಬಳು ಆ ಕಟಕಟ ಸದ್ದನ್ನು ಓದಲು ಕಲಿತಿದ್ದರೆ? ಇತಿಹಾಸ ಕೆಟ್ಟುಹೋದೀತು ಎಂದು ಹೆದರುವ ಕಾರಣವಿಲ್ಲ. 'ಹೀಗಾಗಿದ್ದರೆ' ಎಂದು ಓದಿದ ಹುಡುಗರೇ 'ಹಾಗಾದರೆ ಏನಾಗಿತ್ತು' ಎಂದು ಗ್ಯಾಸೆಟಿಯರ್ ತೆರೆಯುವವರು. ಕೆ.ಎನ್. ಗಣೇಶಯ್ಯನವರ 'ಕನಕ ಮುಸುಕು' ಓದಿ ಶಿಲ್ಪಗಳ ಕೈಯಲ್ಲಿ ಏನಿದೆ ಎಂದು ಬಗ್ಗಿ ನೋಡಿದ ಓದುಗರು ಕಡಿಮೆಯೇನಿಲ್ಲ.

ಇಂಥವು ಪಲಾಯನವಾದ, ಬರ, ನೀರು, ಉದ್ಯೋಗದ ನಡುವೆ ಮಕ್ಕಳಿಗೆ ವಾಸ್ತವ ತಿಳಿಸಬೇಕು ಎನ್ನುವವರು ಒಂದು ಮಾತು ಗಮನಿಸಬೇಕು. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಭೂಮಿ ಕೊಡೆವೆಂದು ರೈತರು ನಿಂತರು. ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. 2011ರ ಜುಲೈನಲ್ಲಿ ಸರಕಾರ ಯೋಜನೆ ಕೈಬಿಟ್ಟಿತು. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಿಗೆ ಹಬ್ಬಿದ ಕಪ್ಪತಗುಡ್ಡದ ಹೊಟ್ಟೆಯಲ್ಲಿ ಬಂಗಾರವಿದೆ, ಮೇಲೆ ಔಷಧಿ ಸಸ್ಯಗಳಿವೆ, ನೆತ್ತಿಯಲ್ಲಿ ಗಾಳಿಯಂತ್ರಗಳು ತಿರುಗುತ್ತಿವೆ. ಅದನ್ನು 2015ರಲ್ಲಿ ಸಂರಕ್ಷಿತವೆಂದರು, 2016ರಲ್ಲಿ ಆ ಆದೇಶ ಹಿಂತೆಗೆದರು, ಜನ ಬೀದಿಗಿಳಿದ ಮೇಲೆ 2017ರಲ್ಲಿ ಮರಳಿ ಕೊಟ್ಟರು, 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಇದನ್ನು ವರದಿಯಾಗಿ ಓದಿದ ಹುಡುಗಿಗೆ ದಿನಾಂಕಗಳು ಸಿಗುತ್ತವೆ. ಗುಡ್ಡ ಉಳಿಯದೇ ಹೋದ 2070ರಲ್ಲಿ ಬದುಕುವ ತನ್ನದೇ ವಯಸ್ಸಿನವಳ ಕಥೆಯಾಗಿ ಓದಿದರೆ ಅಂದು ಯಾರು ಏನನ್ನು ತಡೆದರು ಎಂಬುದು ಎದೆಗಿಳಿಯುತ್ತದೆ. ಫಿಲಿಪ್ ರೀವ್ ಅವರ 'ಮಾರ್ಟಲ್ ಎಂಜಿನ್ಸ್'ನಲ್ಲಿ (2001) ಚಕ್ರ ಕಟ್ಟಿಕೊಂಡ ಲಂಡನ್ ನಗರ ಸಣ್ಣ ಊರುಗಳನ್ನು ಬೆನ್ನಟ್ಟಿ ನುಂಗುತ್ತದೆ. ಹುಬ್ಬಳ್ಳಿ-ಧಾರವಾಡ ಹಾಗೆ ಗದಗ-ಬೆಟಗೇರಿಯ ಮೇಲೆ ಬಂದರೆ ಏನು ಮಾಡೋದು ಎಂದು ಇಲ್ಲಿನ ಹುಡುಗರು ನಗಬಹುದು, ಆದರೆ ಅವರಿಗೆ ಆ ರೂಪಕ ಬಿಡಿಸಿ ಹೇಳಬೇಕಾಗಿಲ್ಲ.

ಉಳಿದದ್ದು ಮಾರುಕಟ್ಟೆಯ ಮಾತು. ಯಾರು ಕೊಳ್ಳುತ್ತಾರೆ? ಲಕ್ಕುಂಡಿಯ ಅತ್ತಿಮಬ್ಬೆ ಹತ್ತನೆಯ ಶತಮಾನದ ಕೊನೆಗೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಸಿ ಹಂಚಿದಳು. ಇಂದು ಕನ್ನಡ ಕಾದಂಬರಿಯ ಮೊದಲ ಮುದ್ರಣವೂ ಹೆಚ್ಚಾಗಿ ಸಾವಿರ ಪ್ರತಿ, ಕೆಲವೊಮ್ಮೆ ಅದಕ್ಕಿಂತ ಕಡಿಮೆ. ಮುದ್ರಣ ಕಾಶಿ ಎನಿಸಿಕೊಂಡ ಗದಗಿಗೆ ಇದು ಹಿತವಾದ ಹೋಲಿಕೆಯಲ್ಲ. ಅತ್ತಿಮಬ್ಬೆ ಕೊಳ್ಳುವವರಿಗಾಗಿ ಕಾಯಲಿಲ್ಲ, ಓದುವವರ ಕೈಗೆ ತಲುಪಿಸಿದಳು. ಆ ಕೆಲಸ ಮಾಡಬಲ್ಲ ಜಾಗಗಳು ಈಗ ಊರೂರಲ್ಲಿವೆ: 'ಓದುವ ಬೆಳಕು' ಕಾರ್ಯಕ್ರಮದ ನಂತರ ಪಂಚಾಯತ್ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ ಮಕ್ಕಳಿಗೆ ಬಾಗಿಲು ತೆರೆದಿವೆ. ಅಲ್ಲಿಗೆ ಪುಸ್ತಕ ಆರಿಸುವಾಗ, ಇಲಾಖೆಯ ಸಗಟು ಖರೀದಿಯಲ್ಲಿ ಕೂಡ, ಹದಿಮೂರರಿಂದ ಹದಿನೆಂಟರವರಿಗೆ ಬೇರೆಯೇ ಒಂದು ವಿಭಾಗ ಮಾಡಿ ಇಂತಿಷ್ಟು ಪ್ರತಿ ಕೊಳ್ಳುತ್ತೇವೆಂದು ಹೇಳಿದರೆ ಪ್ರಕಾಶಕರು ತಾವೇ ಹಸ್ತಪ್ರತಿ ಕೇಳಿಕೊಂಡು ಬರುತ್ತಾರೆ. ಬರೆಯುವವರೂ ಆಗ 'ಮಕ್ಕಳ ಪುಸ್ತಕ' ಎಂಬ ಹಣೆಪಟ್ಟಿಗೆ ಅಂಜದೆ, ನೀತಿ ಹೇಳುವ ಕೊನೆಯ ಪುಟವನ್ನು ಹರಿದುಹಾಕಿ ಬರೆಯಬೇಕು.