ಹಿಂದಿನ ಸೀಟಿನವರನ್ನು ಯಾರೂ ಕೇಳುವುದಿಲ್ಲ

ಕಳೆದ ತಿಂಗಳು ಮಗನ ಜೊತೆ ಕಾಸರಗೋಡಿನ ಒಂದು ಬೈಕ್ ಶೋರೂಮಿಗೆ ಹೋಗಿದ್ದೆ. ಮಗನಿಗೆ ಹತ್ತೊಂಬತ್ತು ವರ್ಷ, ಉಪ್ಪಳದಿಂದ ಮಂಗಳೂರಿನ ಕಾಲೇಜಿಗೆ ಹೋಗಿ ಬರುತ್ತಾನೆ. ಅವನ ಉಪ್ಪ ಶಾರ್ಜಾದಲ್ಲಿದ್ದಾರೆ. ಬೈಕಿನ ದುಡ್ಡು ನನ್ನ ಖಾತೆಗೆ ಬಂದಿತ್ತು. ಅಂದರೆ ಆ ದಿನ ಆ ಶೋರೂಮಿನಲ್ಲಿ ಗಿರಾಕಿ ನಾನು. ಆದರೆ ಸೇಲ್ಸ್‌ನ ಹುಡುಗ ಮುಕ್ಕಾಲು ಗಂಟೆ ಮಾತಾಡಿದ್ದು ಮಗನ ಹತ್ತಿರ ಮಾತ್ರ. ಸಿಸಿ ಎಷ್ಟು, ಪಿಕಪ್ ಎಷ್ಟು, ಟಾಪ್ ಸ್ಪೀಡ್ ಎಷ್ಟು. ನನಗೆ ಒಂದು ಕುರ್ಚಿ ಮತ್ತು ಒಂದು ಲೋಟ ಲಿಂಬೆ ಶರಬತ್ತು ಸಿಕ್ಕಿತು.

ಕೊನೆಗೆ ನಾನೇ ಎದ್ದು, "ಹಿಂದೆ ಒಮ್ಮೆ ಕೂತು ನೋಡ್ತೇನೆ" ಎಂದೆ. ಮಗನ ಮುಖ ಸಣ್ಣದಾಯಿತು. ಹಿಂದಿನ ಸೀಟು ಎಂದರೆ ಒಂದು ಗೇಣು ಅಗಲದ ಹಲಗೆ, ಮುಂದಿನ ಸೀಟಿಗಿಂತ ಇನ್ನೊಂದು ಗೇಣು ಮೇಲೆ. ಬುರ್ಖಾ ಹಾಕಿಕೊಂಡು ಅದರ ಮೇಲೆ ಹತ್ತುವುದೇ ಒಂದು ಸಾಹಸ. ಹತ್ತಿದ ಮೇಲೆ ಹಿಡಿಯಲಿಕ್ಕೆ ಸೀಟಿನ ಅಡಿಯಲ್ಲಿ ಬೆರಳು ತೂರಿಸುವಷ್ಟು ಜಾಗ. ಬಟ್ಟೆ ಚಕ್ರಕ್ಕೆ ಹೋಗದ ಹಾಗೆ ಹಾಕುವ ಸೀರೆ ಗಾರ್ಡ್ ಎಲ್ಲಿ ಎಂದು ಕೇಳಿದೆ. "ಬೇಕಾದ್ರೆ ಹಾಕಿ ಕೊಡ್ತೇವೆ ಇತ್ತಾ, ಆದ್ರೆ ಲುಕ್ ಹೋಗ್ತದೆ. ಎಲ್ಲರೂ ಡೆಲಿವರಿ ದಿನವೇ ತೆಗೆಸ್ತಾರೆ" ಎಂದ.

ನಾವು ಬೈಕ್ ಕೊಳ್ಳದೆ ಬಸ್ ಹತ್ತಿ ಮನೆಗೆ ಬಂದೆವು. ಮಗ ಮೂರು ದಿನ ಸರಿಯಾಗಿ ಮಾತಾಡಲಿಲ್ಲ. ಉಮ್ಮನಿಗೆ ಬೈಕ್ ಎಂದರೆ ಆಗುವುದಿಲ್ಲ ಎಂದು ಅವನ ಲೆಕ್ಕ. ಅದು ಸರಿಯಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೊಸ ತಲೆಮಾರಿನ ಹುಡುಗರನ್ನು ಹಿಡಿಯುವುದು ಹೇಗೆ ಎಂದು ಬೈಕ್ ಕಂಪೆನಿಗಳು ಎಷ್ಟೋ ತಲೆ ಕೆಡಿಸಿಕೊಳ್ಳುತ್ತವೆ. ನನ್ನ ಪ್ರಕಾರ ಅವರು ನೋಡದೆ ಬಿಟ್ಟಿರುವುದು ಆ ಹಿಂದಿನ ಸೀಟನ್ನು.

ಅಮೆರಿಕದಲ್ಲಿ ಈ ತಲೆಬಿಸಿಗೆ ಕಾರಣ ಬೇರೆ. ಅಲ್ಲಿಯ ಮೋಟಾರ್‌ಸೈಕಲ್ ಉದ್ಯಮದ ಸಂಘದ ಸಮೀಕ್ಷೆಯ ಪ್ರಕಾರ 1990ರಲ್ಲಿ ಬೈಕ್ ಇರುವವರ ಮಧ್ಯಮ ವಯಸ್ಸು 32 ಇತ್ತು, 2018ಕ್ಕೆ ಅದು 50 ಆಯಿತು. ಗಿರಾಕಿಗಳು ಮುದುಕರಾಗುತ್ತಿದ್ದಾರೆ, ಮಕ್ಕಳು ಬರುತ್ತಿಲ್ಲ. ನಮ್ಮಲ್ಲಿ ಹಾಗಿಲ್ಲ. ತಲಪಾಡಿಯಿಂದ ಕುಂಬಳೆವರೆಗೆ ಯಾವ ಮನೆಯಲ್ಲಿ ಕೇಳಿದರೂ ಬೈಕಿಗಾಗಿ ಹಠ ಹಿಡಿದ ಒಬ್ಬ ಹುಡುಗ ಸಿಗುತ್ತಾನೆ. ಹಾಗಾಗಿ ಅವರ ಹಳೆಯ ಮದ್ದು, ಇನ್ನೂ ವೇಗ, ಇನ್ನೂ ಗಂಡಸ್ತನ, ನಮ್ಮ ಕಾಯಿಲೆಗೆ ಹಿಡಿಯುವುದಿಲ್ಲ. ನಮ್ಮಲ್ಲಿ ಆಸೆಗೆ ಕೊರತೆ ಇಲ್ಲ, ಕೊರತೆ ಇರುವುದು ಮನೆಯವರ ಒಪ್ಪಿಗೆಗೆ.

ನನ್ನ ಇಚ್ಚ ಗಲ್ಫಿನಿಂದ ಮೊದಲ ಸಲ ರಜೆಗೆ ಬಂದಾಗ ತೆಗೆದುಕೊಂಡದ್ದು ಯಮಹಾ ಆರ್‌ಎಕ್ಸ್ 100. 1985ರಿಂದ 1996ರವರೆಗೆ ಇಲ್ಲಿ ತಯಾರಾದ ಬೈಕ್ ಅದು. 98 ಸಿಸಿಯ ಟು ಸ್ಟ್ರೋಕ್ ಎಂಜಿನ್, ಆ ಕಾಲಕ್ಕೆ ಅದಕ್ಕಿಂತ ಹಾರುವ ಬೈಕ್ ನಮ್ಮ ಊರಲ್ಲಿ ಇರಲಿಲ್ಲ. ಇವತ್ತಿಗೂ ನಮ್ಮ ಹುಡುಗರು ಹಳೆಯ ಆರ್‌ಎಕ್ಸ್ ಹುಡುಕಿ ದುಬಾರಿ ಬೆಲೆ ಕೊಟ್ಟು ತರುತ್ತಾರೆ. ಅದರ ಸೀಟು ಮಾತ್ರ ಮದ್ರಸದ ಬೆಂಚಿನ ಹಾಗೆ ಉದ್ದ, ಸಪಾಟು. ಉಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು ಅದರಲ್ಲಿ, ಬಂದರಿನಿಂದ ಬೂತಾಯಿ ತಂದದ್ದು ಅದರಲ್ಲಿ, ನಾನು ಹತ್ತನೆಯ ತರಗತಿ ಪರೀಕ್ಷೆಗೆ ಹೋದದ್ದೂ ಅದರಲ್ಲಿ. ಒಬ್ಬನೇ ಇದ್ದಾಗ ಇಚ್ಚ ಬಾಣದ ಹಾಗೆ ಹೋಗುತ್ತಿದ್ದ. ಉಮ್ಮ ಹಿಂದೆ ಕೂತರೆ ಅದೇ ಬೈಕ್ ಎತ್ತಿನ ಗಾಡಿಯಾಗುತ್ತಿತ್ತು. ಎಂಜಿನ್ ಅದೇ, ಹುಡುಗ ಅವನೇ, ಬದಲಾದದ್ದು ಹಿಂದೆ ಯಾರಿದ್ದಾರೆ ಎಂಬುದು ಮಾತ್ರ.

ಈಗಿನ ಸ್ಪೋರ್ಟ್ಸ್ ಬೈಕಿನಲ್ಲಿ ಉಮ್ಮ ಕೂರಲಿಕ್ಕೆ ಆಗುವುದಿಲ್ಲ. ತಂಗಿ ಕೂರಲಿಕ್ಕೆ ಆಗುವುದಿಲ್ಲ. ಅಂದರೆ ಆ ಹುಡುಗ ಮೆಲ್ಲ ಹೋಗುವ ಸಂದರ್ಭವೇ ಬರುವುದಿಲ್ಲ. ಒಂದೋ ಒಬ್ಬನೇ ಹೋಗುತ್ತಾನೆ, ಇಲ್ಲವಾದರೆ ಅವನಷ್ಟೇ ವಯಸ್ಸಿನ ಇನ್ನೊಬ್ಬ ಹಿಂದೆ ಕೂತು "ಇನ್ನೂ ಬಿಡು" ಎನ್ನುತ್ತಾನೆ. ಸೀಟಿನ ಅಳತೆ ಗೆರೆ ಎಳೆಯುವ ಎಂಜಿನಿಯರಿಗೆ ಇದು ಬರೀ ಲುಕ್ ಇರಬಹುದು. ನಮಗೆ ಅದು ಮಗ ರಾತ್ರಿ ಮನೆಗೆ ಬರುತ್ತಾನೋ ಇಲ್ಲವೋ ಎಂಬ ಪ್ರಶ್ನೆ.

2001ರಲ್ಲಿ ಬಜಾಜ್ ಪಲ್ಸರ್ ಬಂದಾಗ ಅದರ ಜಾಹೀರಾತು ಇದು ಖಂಡಿತ ಗಂಡು ಬೈಕ್ ಎಂದು ಸಾರಿತ್ತು. ಬೈಕೂ ಒಳ್ಳೆಯದಿತ್ತು, ಮಾರಾಟವೂ ಆಯಿತು. ಆದರೆ ಆಮೇಲೆ ಎಲ್ಲ ಕಂಪೆನಿಗಳಿಗೂ ಅದೇ ಒಂದು ಭಾಷೆ ಸಾಕು ಎಂದು ಕಂಡಿತೇನೋ. ಯುವಕ ಎಂದರೆ ವೇಗ ಎಂದು ತೀರ್ಮಾನ ಮಾಡಿಬಿಟ್ಟರು. ಅದು ತಪ್ಪು ಎಂದು ತೋರಿಸಲಿಕ್ಕೆ ನಾನು ದೂರ ಹೋಗಬೇಕಾಗಿಲ್ಲ. ರಾಯಲ್ ಎನ್‌ಫೀಲ್ಡ್ 2009ರಲ್ಲಿ ಕ್ಲಾಸಿಕ್ 350 ತಂದಿತು. 346 ಸಿಸಿ ಎಂಜಿನ್, ಶಕ್ತಿ 20 ಬಿಎಚ್‌ಪಿಯ ಆಸುಪಾಸು. ಅದರ ಅರ್ಧ ಸಿಸಿಯ ಬೈಕುಗಳು ಅದನ್ನು ಹಿಂದೆ ಹಾಕಿ ಹೋಗುತ್ತವೆ. ನೋಡಲಿಕ್ಕೆ ಅಜ್ಜನ ಕಾಲದ್ದು. ಆದರೂ ಇಪ್ಪತ್ತರ ಹುಡುಗರು ಅದಕ್ಕಾಗಿ ಕ್ಯೂ ನಿಂತರು. ಅವರಿಗೆ ಬೇಕಾದದ್ದು ವೇಗವಲ್ಲ, ಗೆಳೆಯರ ಜೊತೆ ಒಂದು ದೂರದ ದಾರಿ, ಹೇಳಿಕೊಳ್ಳಲಿಕ್ಕೆ ಒಂದು ಕತೆ. ಕಂಪೆನಿ ಅದನ್ನು ಅರ್ಥ ಮಾಡಿಕೊಂಡು ಗೋವಾದಲ್ಲಿ ವರ್ಷಕ್ಕೊಮ್ಮೆ ಸವಾರರನ್ನು ಸೇರಿಸಿತು, ಹಿಮಾಲಯಕ್ಕೆ ಗುಂಪು ಕಟ್ಟಿ ಕರೆದುಕೊಂಡು ಹೋಯಿತು.

ಇನ್ನೊಂದು ಉದಾಹರಣೆ ನಮ್ಮಂತೆಯೇ ಗಡಿಯ ಇನ್ನೊಂದು ಕನ್ನಡದ ಊರು ಹೊಸೂರಿನದು. ಅಲ್ಲಿ ಫ್ಯಾಕ್ಟರಿ ಇರುವ ಟಿವಿಎಸ್ 2018ರಲ್ಲಿ ಎನ್‌ಟಾರ್ಕ್ ಎಂಬ 125 ಸಿಸಿ ಸ್ಕೂಟರ್ ತಂದಿತು. ಮೊಬೈಲಿಗೆ ಬ್ಲೂಟೂತ್ ಜೋಡಣೆ, ರೇಸ್ ಬೈಕಿನ ಹಾಗೆ ಬಣ್ಣ. ಕಾಲೇಜು ಹುಡುಗರು ಬಿದ್ದುಬಿಟ್ಟರು. ಆದರೆ ಅದು ಸ್ಕೂಟರೇ. ಹಿಂದೆ ಉಮ್ಮ ಕೂರುತ್ತಾಳೆ, ಕಾಲ ಹತ್ತಿರ ಅಕ್ಕಿ ಚೀಲ ಇಡಬಹುದು, ಮರುದಿನ ಅದನ್ನೇ ಅಕ್ಕ ಬಿಡುತ್ತಾಳೆ. ಹುಡುಗನೂ ಒಪ್ಪುವ, ಮನೆಯೂ ಒಪ್ಪುವ ಗಾಡಿ ಮಾಡಬಹುದು ಎಂದಾಯಿತಲ್ಲ? ಬೈಕಿನಲ್ಲಿ ಯಾಕೆ ಆಗುವುದಿಲ್ಲ?

ಕೇಂದ್ರ ಸರ್ಕಾರದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ತೀರಿಕೊಂಡರು. ಅದರಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು. ಹೆಲ್ಮೆಟ್ ಹಾಕದೆ ಸತ್ತವರು 50,029, ಅವರಲ್ಲಿ ಹಿಂದೆ ಕೂತವರೇ 14,337. ನಮ್ಮ ಜಮಾಅತಿನಲ್ಲಿ ಅಂಥ ಒಂದು ಮನೆ ಉಂಟು. ಹುಡುಗನ ಮಯ್ಯತ್ ಆಗಿ ಎರಡು ವರ್ಷ ಆಯಿತು. ಬೈಕಿಗೆ ಹೆಚ್ಚೇನೂ ಆಗಿರಲಿಲ್ಲ. ಈಗಲೂ ಅದು ಮನೆಯ ಹಿಂದೆ ನೀಲಿ ತಾರ್ಪಾಲಿನ ಅಡಿಯಲ್ಲಿ ನಿಂತಿದೆ. ಮಾರಲಿಕ್ಕೆ ಅವನ ಉಪ್ಪನಿಗೆ ಮನಸ್ಸಾಗುವುದಿಲ್ಲ, ನೋಡಲಿಕ್ಕೆ ಉಮ್ಮನಿಗೆ ಆಗುವುದಿಲ್ಲ. ಆ ಮನೆಯಲ್ಲಿ ಅವನ ತಮ್ಮನೂ ಇದ್ದಾನೆ. ಅವನು ಈ ಜನ್ಮದಲ್ಲಿ ಯಾವ ಕಂಪೆನಿಯ ಬೈಕನ್ನಾದರೂ ತೆಗೆದುಕೊಂಡಾನೇ? ವ್ಯಾಪಾರದ ಲೆಕ್ಕದಲ್ಲೇ ನೋಡಿದರೂ ಕಂಪೆನಿ ಕಳೆದುಕೊಂಡದ್ದು ಒಬ್ಬ ಗಿರಾಕಿಯನ್ನಲ್ಲ.

ತಪ್ಪು ಕಂಪೆನಿಯದ್ದು ಮಾತ್ರ ಎಂದು ನಾನು ಹೇಳುವುದಿಲ್ಲ. ಹದಿನಾರರ ಹುಡುಗನ ಕೈಗೆ ಕೀಲಿ ಕೊಡುವವರು ನಾವೇ, "ಒಂದು ಸಲ ಪೇಟೆಗೆ ಹೋಗಿ ಬಾ ಮೋನೆ" ಎಂದು. 2019ರ ತಿದ್ದುಪಡಿಯ ಮೇಲೆ ಮಕ್ಕಳು ಗಾಡಿ ಬಿಟ್ಟು ಸಿಕ್ಕಿಬಿದ್ದರೆ ಹೆತ್ತವರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಇದು ಗೊತ್ತಿದ್ದೂ ಕೊಡುತ್ತೇವೆ.

ಆದರೆ ಕಲಿಸುವವರು ಯಾರು? ನಮ್ಮ ಕೇರಳದಲ್ಲಿ 2024ರವರೆಗೂ ಹೆಚ್ಚಿನ ಹುಡುಗರು ಲೈಸೆನ್ಸಿಗೆ ಎಂಟು ಹಾಕಿದ್ದು ಬಜಾಜ್ ಎಂ80 ಮೇಲೆ. ಕೈಯಲ್ಲೇ ಗಿಯರ್, ಮೀನು ವ್ಯಾಪಾರದವರು ಬಿಡುತ್ತಿದ್ದ ಗಾಡಿ. ಕಂಬಗಳ ನಡುವೆ ಕಾಲು ಊರದೆ ಒಂದು ಸುತ್ತು ಬಂದರೆ ಪಾಸ್. ಮರುದಿನ ಅವನು ಹತ್ತುವುದು 155 ಸಿಸಿಯ ಬೈಕ್, ಹೋಗುವುದು ಆರು ಪಥದ ಹೆದ್ದಾರಿಯಲ್ಲಿ. ಈಗ ಕಾಲಿನ ಗಿಯರ್ ಇರುವ ಬೈಕೇ ಬೇಕು ಎಂದು ನಿಯಮ ಮಾಡಿದ್ದಾರೆ, ಒಳ್ಳೆಯದಾಯಿತು. ಆದರೂ ಮಳೆಯಲ್ಲಿ ಬ್ರೇಕ್ ಹಿಡಿಯುವುದು ಹೇಗೆ ಎಂದು ಆ ಮೈದಾನದಲ್ಲಿ ಯಾರೂ ಹೇಳಿಕೊಡುವುದಿಲ್ಲ. 125 ಸಿಸಿಗಿಂತ ಮೇಲಿನ ಬೈಕುಗಳಿಗೆ 2019ರಿಂದ ಎಬಿಎಸ್ ಕಡ್ಡಾಯ. ನನ್ನ ಮಗನಿಗೆ ಆ ಮೂರು ಅಕ್ಷರ ಗೊತ್ತು. ಅದು ಕೆಲಸ ಮಾಡುವಾಗ ಬ್ರೇಕ್ ಕಾಲಿನ ಅಡಿಯಲ್ಲಿ ತಟತಟ ಎಂದು ನಡುಗುತ್ತದೆ, ಆಗ ಹೆದರಿ ಬಿಡಬಾರದು ಎಂಬುದು ಗೊತ್ತಿರಲಿಲ್ಲ. ನನ್ನ ತಮ್ಮ ಮೆಕ್ಯಾನಿಕ್, ಅವನು ಹೇಳಿದ ಮೇಲೆ ಗೊತ್ತಾಯಿತು.

ಬೈಕ್ ಮಾರುವ ಕಂಪೆನಿ ಎರಡು ಭಾನುವಾರ ಕಲಿಸಲಿ. ಒಂದು ಭಾನುವಾರ ಒಬ್ಬನೇ, ಇನ್ನೊಂದು ಭಾನುವಾರ ಹಿಂದೆ ಮನೆಯವರನ್ನು ಕೂರಿಸಿಕೊಂಡು. ಹೋಂಡಾ ಕೆಲವು ನಗರಗಳಲ್ಲಿ ಟ್ರಾಫಿಕ್ ತರಬೇತಿ ಪಾರ್ಕ್ ನಡೆಸುತ್ತದೆ. ಅದು ನಗರ ಬಿಟ್ಟು ಉಪ್ಪಳ, ಮಂಜೇಶ್ವರದಂಥ ಕಡೆಗೂ ಬರಲಿ. ಮದ್ರಸಕ್ಕೆ ರಜೆ ಇರುವ ದಿನ ಮೈದಾನ ಕೊಡಲಿಕ್ಕೆ ನಮ್ಮ ಜಮಾಅತಿನವರು ಇಲ್ಲ ಎನ್ನುವುದಿಲ್ಲ. ಬೈಕ್ ಕೊಂಡಾಗ ಒಂದು ಹೆಲ್ಮೆಟ್ ಕಂಪೆನಿಯೇ ಕೊಡಬೇಕು ಎಂದು ನಿಯಮ ಉಂಟು. ಒಂದು ಯಾಕೆ, ಎರಡು ಕೊಡಲಿ. ಎರಡನೆಯದು ಶಿರವಸ್ತ್ರದ ಮೇಲೆ ಸರಿಯಾಗಿ ಕೂರುವಂಥದ್ದಾಗಿರಲಿ. ಅಂಗಡಿಗಳಲ್ಲಿ ಸಿಗುವುದನ್ನು ನಾನು ಹಾಕಿ ನೋಡಿದ್ದೇನೆ. ಪಿನ್ ತಲೆಗೆ ಚುಚ್ಚುತ್ತದೆ, ಪಟ್ಟಿ ಗಲ್ಲದ ಬಟ್ಟೆಯ ಮೇಲೆ ಜಾರುತ್ತದೆ. ಅದಕ್ಕೇ ನಮ್ಮ ಹೆಂಗಸರು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುವುದು.

ಇನ್ನು ದುಡ್ಡಿನ ವಿಷಯ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿಯಿತು. ಎಲ್ಲ ಕಡೆ ಬೋರ್ಡ್ ಬಿತ್ತು, ಸುಲಭ ಕಂತು, ಕಡಿಮೆ ಬಡ್ಡಿ ಎಂದು. ಬಡ್ಡಿ ಕಡಿಮೆಯಾದರೂ ಬಡ್ಡಿಯೇ. ಅದನ್ನು ಮುಟ್ಟದ ಮನೆಗಳು ನಮ್ಮಲ್ಲಿ ಬಹಳ ಉಂಟು. ಆದ್ದರಿಂದ ಉಪ್ಪನೋ ಇಚ್ಚನೋ ಗಲ್ಫಿನಲ್ಲಿ ವರ್ಷಗಟ್ಟಲೆ ಕೂಡಿಟ್ಟು ಒಟ್ಟಿಗೆ ಕೊಡಬೇಕು. ಗಲ್ಫಿನ ಇಸ್ಲಾಮಿಕ್ ಬ್ಯಾಂಕುಗಳು ಇದಕ್ಕೆ ಮುರಾಬಹ ಎಂಬ ದಾರಿ ಇಟ್ಟಿವೆ. ಬ್ಯಾಂಕ್ ತಾನೇ ಗಾಡಿ ಕೊಂಡು, ತನ್ನ ಲಾಭ ಎಷ್ಟು ಎಂದು ಮೊದಲೇ ಹೇಳಿ, ಒಂದೇ ಬೆಲೆಗೆ ಕಂತಿನಲ್ಲಿ ಮಾರುತ್ತದೆ. ಕಂತು ತಡವಾದರೂ ಆ ಬೆಲೆ ಬೆಳೆಯುವುದಿಲ್ಲ. ಅಲ್ಲಿ ಕೆಲಸ ಮಾಡಿದ ಎಷ್ಟೋ ಜನ ಕಾರು ತೆಗೆದದ್ದು ಹಾಗೆ. ಇಲ್ಲಿಯೂ ಕಂಪೆನಿಗಳು ನಿಗದಿತ ಬೆಲೆಗೆ ಕಂತಿನಲ್ಲಿ ಮಾರಿದರೆ, ನನ್ನ ಮಗನಂಥವರು ಪಾರ್ಟ್ ಟೈಮ್ ಕೆಲಸ ಮಾಡಿ ತಮ್ಮ ಬೈಕಿನ ಕಂತು ತಾವೇ ಕಟ್ಟಿಯಾರು. ಸ್ವಂತ ದುಡ್ಡಿನ ಬೈಕನ್ನು ಹುಡುಗರು ಬೇರೆ ರೀತಿಯಲ್ಲಿ ನೋಡಿಕೊಳ್ಳುತ್ತಾರೆ, ಅದು ನಾನು ಕಂಡ ವಿಷಯ.

ಮತ್ತೆ, ನನಗೆ ಹದಿನೇಳರ ಮಗಳೂ ಇದ್ದಾಳೆ. ಆ ಶೋರೂಮಿಗೆ ಅವಳೂ ಬಂದಿದ್ದಳು. ಗೋಡೆಯ ಮೇಲಿದ್ದ ಪೋಸ್ಟರುಗಳನ್ನೆಲ್ಲ ನೋಡಿ ಬಂದು, "ಇದರಲ್ಲಿ ಒಂದರಲ್ಲಾದರೂ ಹುಡುಗಿ ಹ್ಯಾಂಡಲ್ ಹಿಡಿದಿದ್ದಾಳಾ ಉಮ್ಮಾ?" ಎಂದು ಕೇಳಿದಳು. ನಾನು ಎಣಿಸಿದೆ. ಒಂದರಲ್ಲೂ ಇರಲಿಲ್ಲ. ಬರುವ ವರ್ಷ ಅವಳೂ ಲೈಸೆನ್ಸಿಗೆ ಅರ್ಜಿ ಹಾಕುತ್ತಾಳೆ. ಹೊಸ ತಲೆಮಾರು ಎಲ್ಲಿ ಎಂದು ಹುಡುಕುವವರ ಎದುರಿಗೇ ಅವಳು ನಿಂತಿದ್ದಳು.

ಮಗನ ಜೊತೆ ಈಗ ರಾಜಿ ಆಗಿದೆ. ಬೈಕ್ ಬೇಡ ಎಂದು ನಾನು ಹೇಳುವುದಿಲ್ಲ, ಯಾವ ಕಂಪೆನಿ ಎಂಬುದೂ ಅವನ ಇಷ್ಟ. ಒಂದೇ ಕರಾರು. ಟೆಸ್ಟ್ ರೈಡಿಗೆ ನಾನು ಹಿಂದೆ ಕೂರುತ್ತೇನೆ, ಬುರ್ಖಾ ಹಾಕಿಕೊಂಡು, ಕೈಯಲ್ಲಿ ಸಾಮಾನಿನ ಚೀಲ ಹಿಡಿದುಕೊಂಡು. ಮೊನ್ನೆ ಅವನು ಮೂರು ಬೈಕುಗಳ ಫೋಟೋ ಕಳಿಸಿದ. ಮೂರನ್ನೂ ಹಿಂದಿನ ಬದಿಯಿಂದ ತೆಗೆದಿದ್ದ.